ಗೋಣಿಯ ಕೆಳಗಿನ ಕಲ್ಲು

ಬ್ರಾಹ್ಮಿಯ ಗಾಡಿಗೆ ಸ್ಟ್ಯಾಂಡ್ ಇಲ್ಲ. ಸ್ಕೂಟರಿನ ಹಿಂದಿನ ಒಂಟಿ ಚಕ್ರ ತೆಗೆದು, ಉದ್ದದ ಆಕ್ಸಲ್ ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಚಕ್ರ ಹಾಕಿದ ಮೂರು ಚಕ್ರದ ಗಾಡಿ ಅದು. ತಾನಾಗಿಯೇ ನಿಲ್ಲುತ್ತದೆ, ಬ್ರಾಹ್ಮಿಯಂಥ ಪೋಲಿಯೋ ಕಾಲಿನವರು ಹತ್ತಿ ಕೂರುವವರೆಗೂ ಅಲ್ಲಾಡದೆ ಕಾಯುತ್ತದೆ. ಅದು ಅದರ ಗುಣ. ಅಡಿಯಲ್ಲಿ ಏನಾದರೂ ಕೆಟ್ಟರೆ ಮಾತ್ರ ಪೂರ್ತಿ ಗಾಡಿಯನ್ನೇ ಎತ್ತಬೇಕು. ಹೊಸನಗರದ ಗ್ಯಾರೇಜಿನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ನಾಳೆ ತನ್ನಿ ಮೇಡಂ" ಎಂದು ಎಷ್ಟು ನಾಳೆಗಳನ್ನು ಬೇಕಾದರೂ ಹೇಳುತ್ತಿದ್ದರು. ಹಾಗಾಗಿ ಎಂಟು ವರ್ಷದಿಂದ ಅದರ ಕೆಲಸವೆಲ್ಲ ಮನೆಯ ಅಂಗಳದಲ್ಲೇ, ದುಗ್ಗಪ್ಪನ ಕೈಯಲ್ಲೇ.

ದುಗ್ಗಪ್ಪ ಗ್ಯಾರೇಜ್ ಇಟ್ಟವನಲ್ಲ. ಪಂಪ್‌ಸೆಟ್ಟು, ಟಿಲ್ಲರು, ಹುಲ್ಲು ಕತ್ತರಿಸುವ ಮೆಷಿನ್ನು ಹೀಗೆ ಕೆಟ್ಟದ್ದು ಎಲ್ಲಿದ್ದರೆ ಅಲ್ಲಿಗೇ ಹೋಗುವವನು. ಐವತ್ತೈದು ದಾಟಿದೆ. ಐದು ವರ್ಷದ ಹಿಂದೆ ಕುಡಿತ ಬಿಟ್ಟಿದ್ದ. ಗಾಡಿ ಎತ್ತುವಾಗ ಅವನದ್ದೊಂದು ಕ್ರಮ ಇತ್ತು, ಅದನ್ನು ಒಂದು ಸಲವೂ ತಪ್ಪಿಸಿದವನಲ್ಲ. ಮುಂದಿನ ಚಕ್ರದ ಹಿಂದೆ ಮುಂದೆ ಎರಡು ಕಲ್ಲು ಒತ್ತುವುದು. ನಡುವಿನ ಚೌಕಟ್ಟಿಗೆ ಜಾಕಿ ಕೊಟ್ಟು ಎತ್ತುವುದು. ಆಕ್ಸಲಿನ ಎರಡೂ ಬದಿಗೆ ಮರದ ಕೊರಡು ಇಟ್ಟು, ಭಾರವನ್ನೆಲ್ಲ ಕೊರಡಿನ ಮೇಲೆ ಇಳಿಸುವುದು. ಜಾಕಿಯನ್ನು ತೆಗೆಯದೆ ಚೌಕಟ್ಟಿಗೆ ತಾಗಿದ ಹಾಗೆ ಬಿಡುವುದು, ಕೊರಡು ಕೈಕೊಟ್ಟರೆ ಇರಲಿ ಅಂತ. ಕೊನೆಗೆ ಸೀಟು ಹಿಡಿದು ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡುವುದು.

"ಏನೋ ದುಗ್ಗಪ್ಪ, ಮದುವೆ ಮಂಟಪ ಕಟ್ಟಿದ ಹಾಗೆ ಕಟ್ತೀಯಲ್ಲ," ಎಂದು ಬ್ರಾಹ್ಮಿಯ ಗಂಡ ಜಿನಚಂದ್ರ ಒಮ್ಮೆ ನಕ್ಕಿದ್ದ.

"ಮಂಟಪ ಬಿದ್ರೆ ಊಟಕ್ಕೆ ತೊಂದ್ರೆ, ಅಷ್ಟೇಯ. ಇದು ಬಿದ್ರೆ ಉಣ್ಣೋ ಕೈಗೇ ತೊಂದ್ರೆ ಮಾರಾಯ್ರೆ," ಎಂದಿದ್ದ ದುಗ್ಗಪ್ಪ.

ಆ ದಿನ ಬಲಗಡೆಯ ಬ್ರೇಕ್ ಕಚ್ಚಿಕೊಂಡಿತ್ತು. ಜಿನಚಂದ್ರ ಹೈಸ್ಕೂಲಿಗೆ ಪಾಠಕ್ಕೆ ಹೋಗಿದ್ದ. ಬ್ರಾಹ್ಮಿ ಅಡುಗೆಮನೆಯಲ್ಲಿದ್ದಳು. ಅವಳು ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಗಾಡಿ ಇಲ್ಲದಿದ್ದರೆ ಲೈಬ್ರರಿಯ ಬಾಗಿಲು ತೆಗೆಯುವ ಹಾಗಿಲ್ಲ, ಅದಕ್ಕೇ ರಜೆ ಹಾಕಿದ್ದಳು.

"ಅಕ್ಕೋರೇ," ಅಂಗಳದಿಂದ ದುಗ್ಗಪ್ಪನ ಕೂಗು ಬಂತು. "ಈ ಕಡೆ ನೆಲ ತಗ್ಗು. ಕೊರಡಿನ ಮೇಲೆ ಇಡ್ಲಿಕ್ಕೆ ಒಂದು ಗಟ್ಟಿ ಹಲಗೆ ಬೇಕಿತ್ತು."

"ಜಗಲಿ ಮೂಲೆಲಿ ನೋಡು. ಯಾವುದಿದ್ರೂ ತಗೋ," ಎಂದಳು ಒಲೆಯ ಮುಂದಿನಿಂದಲೇ.

ಸ್ವಲ್ಪ ಹೊತ್ತಿಗೆ, "ಗ್ರೀಸ್ ಖಾಲಿ. ಅಂಗಡಿಗೆ ಹೋಗಿ ತರ್ತೀನಿ, ಗಾಡಿ ಹತ್ರ ಯಾರೂ ಬರೋದು ಬ್ಯಾಡ," ಎಂದು ಹೇಳಿ ಅವನು ಸೈಕಲ್ ಹತ್ತಿದ. ಬ್ರಾಹ್ಮಿ ಬೇಳೆ ಇಳಿಸಿ, ಮಂಡಿಯ ಮೇಲೆ ಕೈ ಊರಿಕೊಂಡು ಜಗಲಿಗೆ ಬಂದಳು. ಮೂಲೆ ಖಾಲಿಯಾಗಿತ್ತು. ಅಲ್ಲಿ ಬಿಸಿಲಿಗೆ ಒರಗಿಸಿಟ್ಟಿದ್ದ ಮಣೆ ಇರಲಿಲ್ಲ.

ಆ ಮಣೆಯ ವಿಷಯ ಹೇಳಬೇಕು. ಎರಡು ದಿನದ ಹಿಂದೆ, ಚಾತುರ್ಮಾಸ ಮುಗಿಸಿ ಹೊಂಬುಜ ಕ್ಷೇತ್ರದ ಕಡೆಗೆ ನಡೆದು ಹೊರಟಿದ್ದ ಜೈನ ಸನ್ಯಾಸಿನಿ, ಮಾತಾಜಿಯೊಬ್ಬರು, ಅವರ ಮನೆಗೆ ಆಹಾರಕ್ಕೆ ಬಂದಿದ್ದರು. ಮಾತಾಜಿ ಯಾರ ಮನೆಯ ಮುಂದೆ ನಿಲ್ಲುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಪ್ರತಿ ಜೈನ ಮನೆಯವರೂ ಮಡಿಯುಟ್ಟು, ಕಲಶ ಹಿಡಿದು, ಬಾಗಿಲ ಮುಂದೆ ಕಾಯುತ್ತಾರೆ. ಅವರು ನಿಂತದ್ದು ಇವರ ಮನೆಯ ಮುಂದೆ. ಆದರೆ ಅಂಗ ಊನವಾದವರು ಆಹಾರ ಕೊಡುವ ಹಾಗಿಲ್ಲ ಎಂಬುದು ಅತ್ತೆ ಶಾಂತಮ್ಮನ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ಮಾತು. ಅತ್ತೆ ಹೋಗಿ ನಾಲ್ಕು ವರ್ಷವಾದರೂ ಆ ಮಾತು ಹೋಗಿರಲಿಲ್ಲ. ಸಾಗರದಿಂದ ಓರಗಿತ್ತಿ ಜಿನಶ್ರೀ ಬಂದಿದ್ದಳು. ಮಾತಾಜಿಯನ್ನು ಮಣೆಯ ಮೇಲೆ ನಿಲ್ಲಿಸಿ ಪಾದ ತೊಳೆದದ್ದು ಅವಳು, ಬೊಗಸೆಗೆ ತುತ್ತು ಇಟ್ಟದ್ದು ಅವಳು. ಬ್ರಾಹ್ಮಿ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತು ನೋಡಿದ್ದಳು. ಎಲ್ಲ ಮುಗಿದ ಮೇಲೆ ಜಿನಶ್ರೀ, "ಅಕ್ಕಾ, ಮಣೆ ತೊಳೆದು ಎತ್ತಿಡ್ತೀಯಾ?" ಎಂದಿದ್ದಳು. ಆ ದಿನದ ಪುಣ್ಯದಲ್ಲಿ ಬ್ರಾಹ್ಮಿಯ ಪಾಲಿಗೆ ಬಂದದ್ದು ಅದಿಷ್ಟೇ. ಒಂದೇ ಹಲಸಿನ ಹಲಗೆಯ, ಮೂರು ಬೆರಳು ದಪ್ಪದ ಆ ಮಣೆಯನ್ನು ಅವಳು ಹಸುಗೂಸಿಗೆ ನೀರು ಹಾಕಿದ ಹಾಗೆ ತೊಳೆದು ಒಣಗಲು ಇಟ್ಟಿದ್ದಳು.

ಈಗ ಅದು ಗಾಡಿಯ ಅಡಿಯಲ್ಲಿತ್ತು. ಮೇಲೆ ಗೋಣಿ ಹೊದಿಸಿ, ಅದರ ಮೇಲೆ ಆಕ್ಸಲ್ ಕೂರಿಸಿದ್ದ. ಗೋಣಿಯಿಂದ ಹೊರಗೆ ಕಾಣುತ್ತಿದ್ದ ಅಂಚಿನಲ್ಲಿ ಕರಿ ಎಣ್ಣೆಯ ಐದು ಬೆರಳು ಮೂಡಿದ್ದವು.

ಅವಳು ಮುಖ ಕಿವುಚಿದಳು. ಎಣ್ಣೆಗಲ್ಲ. ಬೆರಳಿಗೆ.

ಅವನು ಬರುವವರೆಗೆ ಕಾಯಬಹುದಿತ್ತು. "ದುಗ್ಗಪ್ಪ, ಅದು ಬೇಡ, ಬೇರೆ ಕೊಡ್ತೀನಿ" ಅಂದಿದ್ದರೆ ಆಗುತ್ತಿತ್ತು. ಆದರೆ ಯಾಕೆ ಬೇಡ ಎಂದು ಅವನು ಕೇಳಿದರೆ? ಲೈಬ್ರರಿಯಲ್ಲಿ ಕೂತು ಎಲ್ಲರ ಹತ್ತಿರವೂ ಒಂದೇ ಸಮ ಮಾತಾಡುವ ಬ್ರಾಹ್ಮಿ ಅಕ್ಕ, ದುಗ್ಗಪ್ಪನಿಗೂ ಮನೆಯ ಲೋಟದಲ್ಲೇ ಚಹಾ ಕೊಡುವ ಬ್ರಾಹ್ಮಿ ಅಕ್ಕ, ನೀನು ಮುಟ್ಟಿದ್ದು ನಮಗಾಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದೆಯೇ ಕೆಲಸ ಆಗಿಹೋದರೆ ಅವನಿಗೂ ನೋವಿಲ್ಲ, ತನಗೂ ಮುಜುಗರವಿಲ್ಲ ಅನ್ನಿಸಿತು. ಹೀಗೆ ಅನ್ನಿಸಿದ್ದು ಒಂದು ಕ್ಷಣ. ಆ ಕ್ಷಣವನ್ನು ಆಮೇಲೆ ಅವಳು ಎಷ್ಟು ಸಲ ತಿರುವಿ ಹಾಕಿದಳೋ ಲೆಕ್ಕವಿಲ್ಲ.

ನೆಲಕ್ಕೆ ಕೂತು ಜರುಗಿಕೊಂಡು ಹೋದಳು. ಕಾಲಿನಲ್ಲಿ ಇಲ್ಲದ ಬಲ ಅವಳ ತೋಳಿನಲ್ಲಿತ್ತು. ಜಾಕಿಯ ಹಿಡಿ ತಿರುಗಿಸಿದಳು, ಗಾಡಿ ಒಂದು ಬೆರಳಿನಷ್ಟು ಎದ್ದಿತು. ಮಣೆ ಎಳೆದಳು. ಕಾಂಪೌಂಡ್ ಕಟ್ಟಿ ಉಳಿದಿದ್ದ ಜಂಬಿಟ್ಟಿಗೆಯ, ಅಂದರೆ ಕೆಂಪು ಮುರಕಲ್ಲಿನ, ಚಪ್ಪಟೆ ತುಂಡೊಂದು ಅಲ್ಲೇ ಬಿದ್ದಿತ್ತು, ಮಣೆಯಷ್ಟೇ ದಪ್ಪ. ಅದನ್ನು ಕೊರಡಿನ ಮೇಲಿಟ್ಟು, ಗೋಣಿಯನ್ನು ಮೊದಲಿದ್ದ ಹಾಗೆ ಹೊದಿಸಿದಳು. ಅಂಚು ಕಾಣದಂತೆ ಇನ್ನೂ ಸ್ವಲ್ಪ ಎಳೆದು ಬಿಟ್ಟಳು. ಜಾಕಿ ಇಳಿಸಿದಳು, ಪೂರ್ತಿ ಇಳಿಸಿದಳು. ಗಾಡಿ ನಿಂತಿತು. ತಾನೇ ಮಾಡಿದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಆಯಿತು. ಅದೂ ನೆನಪಿದೆ ಅವಳಿಗೆ.

ಹಿತ್ತಿಲಿನ ಬಾವಿಕಟ್ಟೆಯಲ್ಲಿ ಎರಡನೇ ಸಲ ಮಣೆಗೆ ನೀರು ಹೊಯ್ಯುವಾಗ ಸೈಕಲ್ ನಿಂತ ಸದ್ದು ಕೇಳಿಸಿತು. ಆಮೇಲೆ ಸುತ್ತಿಗೆಯ ಪೆಟ್ಟು. ಕಚ್ಚಿದ ಬ್ರೇಕ್ ಡ್ರಮ್ ಬಿಡಿಸುತ್ತಿದ್ದಾನೆ. ಮೂರು ಪೆಟ್ಟು, ನಾಲ್ಕು. ಐದನೆಯ ಪೆಟ್ಟಿನ ಸದ್ದು ಬರಲಿಲ್ಲ. ಬಂದದ್ದು ಬೇರೆ ಸದ್ದು.

ಪಕ್ಕದ ಮನೆಯವರು ಓಡಿಬಂದು ಗಾಡಿ ಎತ್ತಿದರು. ಕಲ್ಲು ಪುಡಿಯಾಗಿ ಕೆಂಪು ಮಣ್ಣಾಗಿತ್ತು. ಬಲಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಫೋನ್ ಹೋದ ಹತ್ತು ನಿಮಿಷಕ್ಕೆ ಜಿನಚಂದ್ರ ಕಾರು ತಂದ. ದುಗ್ಗಪ್ಪ ಟವೆಲು ಸುತ್ತಿದ ಕೈ ಹಿಡಿದುಕೊಂಡು, ನೋವಿಗಿಂತ ಹೆಚ್ಚು ಗಲಿಬಿಲಿಯಲ್ಲಿ, ಆ ಕೆಂಪು ಪುಡಿಯನ್ನೇ ನೋಡುತ್ತಿದ್ದ.

"ನಾ ಹಲಗೆ ಇಟ್ಟಿದ್ದೆ," ಎಂದ. "ಅಕ್ಕೋರೆ, ಹಲಗೆ ಇಟ್ಟಿದ್ದೆ ಅಲ್ವಾ?"

"ಎಲ್ಲಿ ಹಲಗೆ? ಜಂಬಿಟ್ಟಿಗೆ ಅಲ್ವೇನೋ ಇದು," ಎಂದ ಜಿನಚಂದ್ರ. ಬ್ರಾಹ್ಮಿಯ ಕಡೆ ತಿರುಗಿ, "ನೀ ನೋಡಿದ್ಯಾ?"

ಎಲ್ಲರೂ ಅವಳನ್ನು ನೋಡಿದರು.

"ನಾನು ಒಳಗಿದ್ದೆ," ಎಂದಳು. "ನೋಡ್ಲಿಲ್ಲ."

ದುಗ್ಗಪ್ಪ ಅವಳ ಮುಖವನ್ನೊಮ್ಮೆ, ನೆಲವನ್ನೊಮ್ಮೆ ನೋಡಿದ. ಅವನ ಕಣ್ಣಿನಲ್ಲಿ ಏನೋ ಜಾರಿ ಬಿದ್ದಂತೆ ಕಂಡಿತು. "ಹಂಗಾದ್ರೆ..." ಎಂದವನು ಮುಂದೆ ಹೇಳಲಿಲ್ಲ. ಕಾರು ತೀರ್ಥಹಳ್ಳಿಯ ಆಸ್ಪತ್ರೆಗೆ ಹೊರಟಿತು.

ಅಂಗಳದಲ್ಲಿ ಒಬ್ಬಳೇ ಉಳಿದ ಬ್ರಾಹ್ಮಿ ಹಿತ್ತಿಲಿಗೆ ಹೋದಳು. ಮಡಿಯಾಗಲು ಮೂರು ಸಲ ತೊಳೆಯಬೇಕು, ಎರಡು ಸಲ ಆಗಿತ್ತು. ಮೂರನೇ ಸಲ ನೀರು ಹೊಯ್ದು, ಮಣೆಯನ್ನು ಒಳಗೆ ತಂದು ಎತ್ತಿಟ್ಟಳು.

ಒಂದೂವರೆ ಬೆರಳು ಹೋಯಿತು. ವಾರದಲ್ಲಿ ದುಗ್ಗಪ್ಪ ಆಸ್ಪತ್ರೆಯಿಂದ ತನ್ನ ಮನೆಗೆ ಬಂದ. ಅಷ್ಟರಲ್ಲಿ ಸುದ್ದಿ ಊರು ಸುತ್ತಿ ಲೈಬ್ರರಿಯ ಪೇಪರಿನ ಮೇಜಿಗೂ ಬಂದಿತ್ತು. ಆ ಮೇಜಿಗೆ ದಿನಾ ಬೆಳಿಗ್ಗೆ ಐದಾರು ಜನ ಬರುತ್ತಿದ್ದರು. ಅವರಲ್ಲಿ ನಿವೃತ್ತ ಗುಮಾಸ್ತ ಹರ್ಷವರ್ಧನ ಮತ್ತು ಹಾಲಿನ ಡೈರಿಯ ಶ್ರೀಶ ಒಂದು ದಿನವೂ ತಪ್ಪಿಸಿದವರಲ್ಲ.

"ಜಂಬಿಟ್ಟಿಗೆ ಮೇಲೆ ಗಾಡಿ ನಿಲ್ಸಿದ್ದನಂತೆ. ಜಾಕಿ ಬೇರೆ ಪೂರ್ತಿ ಇಳ್ಸಿದ್ದ," ಎಂದ ಹರ್ಷವರ್ಧನ. "ಬುದ್ಧಿ ನೆಟ್ಟಗಿದ್ದವ ಮಾಡೋ ಕೆಲ್ಸವಾ ಅದು?"

"ಗ್ರೀಸ್ ತರ್ಲಿಕ್ಕೆ ಅಂತ ಅಂಗಡಿಗೆ ಹೋದವ, ಅಂಗಡಿ ಹಿಂದುಗಡೆಗೂ ಹೋಗಿರ್ತಾನೆ ತಗಳಿ," ಎಂದ ಶ್ರೀಶ. "ಹಲಗೆ ಇಟ್ಟಿದ್ದೆ ಹಲಗೆ ಇಟ್ಟಿದ್ದೆ ಅಂತಿದ್ನಂತೆ. ಒಂದು ಕ್ವಾರ್ಟರ್ ಒಳಗೆ ಹೋದ್ರೆ ಕಲ್ಲೂ ಹಲಗೆನೇ."

ಮೇಜು ನಕ್ಕಿತು. ಬ್ರಾಹ್ಮಿ ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಿದ್ದಳು. ಗೆರೆ ಸೊಟ್ಟಗಾಯಿತು. ತಲೆ ಎತ್ತಲಿಲ್ಲ.

ಹೀಗೆ ಒಂದು ತಿಂಗಳು. ಊಟಕ್ಕೆ ಕೂತರೆ ತನ್ನ ಐದು ಬೆರಳು ಅನ್ನದಲ್ಲಿ ಆಡುವುದನ್ನು ನೋಡಲಾರದೆ ಬೇಗ ಬೇಗ ನುಂಗಿ ಏಳುತ್ತಿದ್ದಳು. ದುಗ್ಗಪ್ಪನನ್ನು ಪಂಪಿನ ಕೆಲಸಕ್ಕೆ ಯಾರೂ ಕರೆಯುತ್ತಿಲ್ಲವಂತೆ. ಕರೆದ ಒಬ್ಬಿಬ್ಬರಿಗೂ ಅವನೇ, "ನಂಗೆ ಕಣ್ಣು ಸಮ ಇಲ್ಲ" ಎಂದನಂತೆ. ಅವನ ಹೆಂಡತಿ ಚೌಡಮ್ಮ ದಿನಾ ಬಾಯಿ ಮೂಸಿ ನೋಡುತ್ತಾಳಂತೆ. ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ ಕೂತಿದ್ದಾಗ ಬ್ರಾಹ್ಮಿ ಗಂಡನಿಗೆ ಎಲ್ಲ ಹೇಳಿದಳು.

ಜಿನಚಂದ್ರ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ. ಒಳ್ಳೆಯ ಮನುಷ್ಯನೇ. "ಈಗ ಹೇಳಿದ್ರೆ ಬೆರಳು ಬರ್ತದಾ?" ಎಂದ. "ಮಾತಾಜಿ ಬಂದ ಮನೆ ಅಂತ ಸಾಗರದವರೆಗೂ ಹೆಸರಾಗಿದೆ. ಈಗ ಇದನ್ನ ಎತ್ತಬೇಕಾ? ಆಸ್ಪತ್ರೆಗೆ ನಾವೇ ಕರ್ಕೊಂಡು ಹೋದ್ವಿ. ಬೇರೆ ಏನಾದ್ರೂ ಸಹಾಯ ಬೇಕಾದ್ರೆ ಮಾಡೋಣ. ಬೇಕು ಅಂತ ಮಾಡಿದ್ದಲ್ಲವಲ್ಲ ನೀನು."

"ಗೋಣಿ ಮುಚ್ಚಿದ್ದು ಬೇಕು ಅಂತಲೇ," ಎಂದಳು ಬ್ರಾಹ್ಮಿ.

ಅವನು ಎದ್ದು ಟಿವಿ ಹಾಕಿದ.

ಮರುದಿನ ಲೈಬ್ರರಿಗೆ ಹೋಗುವ ಮೊದಲು ಗಾಡಿಯನ್ನು ದುಗ್ಗಪ್ಪನ ಮನೆಯ ಕಡೆ ತಿರುಗಿಸಿದಳು. ಅವನು ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ಎದುರಿಗೆ ಅವನ ಉಪಕರಣಗಳ ಪೆಟ್ಟಿಗೆ ತೆರೆದಿತ್ತು. ಎಡಗೈಯಲ್ಲಿ ಒಂದೊಂದೇ ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕುತ್ತಿದ್ದ.

"ಬನ್ನಿ ಅಕ್ಕೋರೆ. ಗಾಡಿ ಮತ್ತೆ ಸದ್ದು ಮಾಡ್ತದಾ? ನಾ ಇನ್ನು ಮುಟ್ಟಲ್ಲ. ಇದೆಲ್ಲ ತಂಗಿ ಮಗನಿಗೆ ಕೊಡ್ಲಿಕ್ಕೆ ತೆಗ್ದಿಟ್ಟಿದೀನಿ, ಬಟ್ಟೆಮಲ್ಲಪ್ಪದಲ್ಲಿ ಅಂಗ್ಡಿ ಹಾಕ್ತಾನಂತೆ."

ಅವಳು ಗಾಡಿಯಿಂದ ಇಳಿಯಲಿಲ್ಲ. ಇಳಿದು, ಕೋಲು ತೆಗೆದು, ಕಟ್ಟೆಯವರೆಗೆ ನಡೆಯುವಷ್ಟರಲ್ಲಿ ಧೈರ್ಯ ಹೋಗುತ್ತದೆಂದು ಗೊತ್ತಿತ್ತು. ಸೀಟಿನ ಮೇಲೆ ಕೂತೇ ಹೇಳಿದಳು. "ನೀನು ಹಲಗೆನೇ ಇಟ್ಟಿದ್ದೆ ದುಗ್ಗಪ್ಪ. ತೆಗೆದಿದ್ದು ನಾನು. ಕಲ್ಲು ಇಟ್ಟಿದ್ದೂ ನಾನೇ."

ಅವನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಅದನ್ನು ಕೆಳಗಿಟ್ಟು ಕೇಳಿದ: "ಜಾಕಿ?"

"ಸ್ವಲ್ಪ ಎತ್ತಿದೆ. ಆಮೇಲೆ ಪೂರ್ತಿ ಇಳಿಸಿದೆ."

"ಪೂರ್ತಿ." ಅವನು ತಲೆಯಾಡಿಸಿದ. "ಗೋಣಿ ಹಂಗೇ ಇತ್ತಲ್ಲ?"

"ಹೊದಿಸಿದೆ. ನಿಂಗೆ ಕಾಣಬಾರದು ಅಂತ."

ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಕಳೆದದ್ದು ಸಿಕ್ಕಿದವನ ಮುಖ ಅದು. ಅದನ್ನು ನೋಡುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಯಿತು ಬ್ರಾಹ್ಮಿಗೆ. "ಹಂಗಾದ್ರೆ ನಂಗೆ ತಲೆ ಕೆಟ್ಟಿಲ್ಲ," ಎಂದ ಅವನು ತನಗೆ ತಾನೇ. ಆಮೇಲೆ ಒಳಗೆ ಕೂಗಿದ. "ಏ ಚೌಡೀ! ಬಾ ಇಲ್ಲಿ. ಅಕ್ಕೋರು ಏನೋ ಹೇಳ್ತಾರೆ, ಕೇಳು."

ಚೌಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಇನ್ನೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಮೊದಲ ಸಲಕ್ಕಿಂತ ಮಾತು ಸಣ್ಣದಾಯಿತು.

"ಯಾಕೆ ತೆಗ್ದ್ರಿ?" ಎಂದಳು ಚೌಡಮ್ಮ.

"ಅದು ಪೂಜೆ ಮಣೆ ಆಗಿತ್ತು..."

"ಹಂಗಂತ ಕರೆದು ಹೇಳ್ಬೌದಿತ್ತಲ್ಲ! ದುಗ್ಗಪ್ಪ ಅದು ಬ್ಯಾಡ ಅಂದಿದ್ರೆ ಇವ್ರು ತೆಗೀತಿರ್ಲಿಲ್ವಾ? ನಮ್ಮನೇಲಿ ದೇವ್ರಿಲ್ವಾ, ನಮಗೆ ತಿಳಿಯಲ್ವಾ?" ಅವಳ ಧ್ವನಿ ಏರಿತು. "ಒಂದು ತಿಂಗ್ಳು ಅಕ್ಕೋರೆ, ಒಂದು ತಿಂಗ್ಳು ನಾ ಈ ಮನುಷ್ಯನ್ನ ನಾಯಿಗೆ ಬೈದಂಗೆ ಬೈದಿದೀನಿ. ಕುಡ್ದಿಲ್ಲ ಚೌಡಿ ಅಂತ ಮಕ್ಕಳ ಮೇಲೆ ಆಣೆ ಮಾಡಿದ್ರು. ನಂಬ್ಲಿಲ್ಲ. ನೀವು ನೋಡಿಲ್ಲ ಅಂದ್ರಲ್ಲ, ನೀವು ಸುಳ್ಳು ಹೇಳೋರಲ್ಲ ಅಂತ, ನಿಮ್ಮ ಮಾತು ನಂಬ್ದೆ!"

ಬ್ರಾಹ್ಮಿ ಕೈ ಮುಗಿದಳು. ತಪ್ಪಾಯ್ತು ಎಂದಳು. ಆ ಮಾತು ಅಂಗಳದಲ್ಲಿ ಬಿದ್ದು ಅಲ್ಲೇ ಉಳಿಯಿತು, ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ದುಗ್ಗಪ್ಪನೇ ಕೊನೆಗೆ ಹೇಳಿದ. "ನಂಗೆ ಹೇಳಿದ್ದಾಯ್ತು. ನಂಗೆ ಹೇಳಿ ಎಂಥ ಉಪಯೋಗ, ನಾ ಏನು ನನ್ನ ಬಗ್ಗೆ ಊರಲ್ಲಿ ಹೇಳ್ಕೊಂಡು ತಿರುಗ್ತಿಲ್ಲ. ಹೇಳೋರು ನಿಮ್ಮ ಲೈಬ್ರರಿಲಿ ಕೂತಿದಾರಲ್ಲ, ಪೇಪರ್ ಓದೋರು. ಅವ್ರಿಗೆ ಹೇಳಿ."

ಅವಳು ಗಾಡಿ ತಿರುಗಿಸುವಾಗ ಅವನ ಕಣ್ಣು ಬಲಗಡೆಯ ಚಕ್ರದ ಮೇಲಿತ್ತು. ಬೇರೆ ಯಾರೋ ಮಾಡಿದ ಕೆಲಸ, ಹೇಗೆ ಮಾಡಿದ್ದಾರೆ ಎಂದು ನೋಡುತ್ತಿದ್ದ.

ಲೈಬ್ರರಿ ತಲುಪುವಾಗ ತಡವಾಗಿತ್ತು. ಮೆಟ್ಟಿಲ ಮೇಲೆ ಕಾಯುತ್ತಿದ್ದವರು ಅವಳ ಕೈಯಿಂದ ಬೀಗದ ಕೈ ತೆಗೆದುಕೊಂಡು ತಾವೇ ಬಾಗಿಲು ತೆರೆದರು. "ಇವತ್ತು ಸರ್ಕಾರ ಲೇಟು," ಎಂದು ಶ್ರೀಶ ನಗಾಡಿದ. ಪೇಪರು ಹರಡಿದವು. ಅವಳು ತನ್ನ ಕುರ್ಚಿಗೆ ಹೋಗಲಿಲ್ಲ. ಮೇಜಿನ ತುದಿ ಹಿಡಿದು ನಿಂತಳು.

"ಒಂದು ಮಾತು ಹೇಳೋದಿದೆ. ದುಗ್ಗಪ್ಪನ ಕೈಗೆ ಆಗಿದ್ದು ಅವನ ತಪ್ಪಿಂದಲ್ಲ. ಅವನು ಹಲಗೆನೇ ಇಟ್ಟಿದ್ದ. ಅವನು ಇಲ್ಲದಾಗ ನಾನು ಅದನ್ನ ತೆಗೆದು ಕಲ್ಲು ಇಟ್ಟೆ. ಅವನು ಕುಡಿದಿರಲಿಲ್ಲ."

ಪೇಪರುಗಳು ಕೆಳಗಿಳಿದವು. ಹರ್ಷವರ್ಧನ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ನಿಧಾನವಾಗಿ ನಕ್ಕ. ಕರುಣೆಯ ನಗು.

"ಅಕ್ಕನ ಮನಸ್ಸು ದೊಡ್ಡದು ಮಾರಾಯ್ರೆ," ಎಂದ ಉಳಿದವರಿಗೆ. "ನಾವೆಲ್ಲ ಅವನ್ನ ಆಡಿಕೊಳ್ಳೋದು ನೋಡ್ಲಿಕ್ಕಾಗದೆ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾರೆ. ಸುಮ್ನೆ ಮಾತಾಜಿ ಇವರ ಮನೆ ಮುಂದೆ ನಿಂತಿದ್ದಲ್ಲ."

"ಹೌದೌದು," ಎಂದರು ಒಬ್ಬಿಬ್ಬರು. "ಇರ್ಲಿ ಬಿಡಿ ಅಕ್ಕ, ನಾವಿನ್ನು ಅವನ ವಿಷಯ ಎತ್ತಲ್ಲ," ಎಂದ ಶ್ರೀಶ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಹೇಳಿ ಆಯಿತು, ದುಗ್ಗಪ್ಪ ಹೇಳಿದ ಮಾತೂ ನಡೆಯಿತು. ಹೊಗಳಿಕೆಯ ಬಿಸಿ ಮೈಗೆ ತಾಗಿ, ಅದು ಒಂದು ಗಳಿಗೆ ಹಿತವಾಗಿಯೂ ಇತ್ತು. ಹಿತವಾಗಿದೆ ಎಂದು ಗೊತ್ತಾದ ಕೂಡಲೇ ಬ್ರಾಹ್ಮಿಯ ಕಿವಿ ಕೆಂಪಾಯಿತು. ಅಂಗಳದಲ್ಲಿ ಚೌಡಮ್ಮ ಯಾಕೆ ಎಂದು ಕೇಳಿದಾಗಲೂ ಅವಳು ಅರ್ಧವೇ ಹೇಳಿದ್ದಳು.

"ಕೇಳಿ," ಎಂದಳು. "ಆ ಹಲಗೆ ಮಾತಾಜಿಯ ಪಾದ ತೊಳೆದ ಮಣೆ. ನಾನೇ, ಯಾವುದಿದ್ರೂ ತಗೋ ಅಂದಿದ್ದೆ. ಆಮೇಲೆ ಅದರ ಮೇಲೆ ದುಗ್ಗಪ್ಪನ ಕೈ ಗುರುತು ಕಂಡೆ. ನಂಗೆ ಅಸಹ್ಯ ಆಯ್ತು. ಎಣ್ಣೆ ಅಂತಲ್ಲ. ಅವನ ಕೈ ಅಂತ. ಅದನ್ನ ಅವನಿಗೆ ಹೇಳಿದ್ರೆ ನಾನು ಎಂಥವಳು ಅಂತ ಗೊತ್ತಾಗ್ತದಲ್ಲ, ಅದಕ್ಕೇ ಹೇಳದೆ ಕದ್ದು ತೆಗೆದೆ. ಅವನಿಗೆ ಕಾಣಬಾರದು ಅಂತ ಕಲ್ಲಿನ ಮೇಲೆ ಗೋಣಿ ಮುಚ್ಚಿದೆ. ಅವನ ಕೈ ಜಜ್ಜಿದಾಗ ನಾನು ಹಿಂದೆ ಮಣೆ ತೊಳೀತಿದ್ದೆ." ಉಸಿರು ಎಳೆದುಕೊಂಡಳು. "ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ ಮತ್ತೆ ಹೋಗಿ ತೊಳೆದೆ. ಮೂರು ಸಲ ಆಗಿರ್ಲಿಲ್ಲ ಅಂತ."

ಹರ್ಷವರ್ಧನನ ನಗು ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಮುಖದ ಮೇಲೇ ಇದ್ದು, ಆಮೇಲೆ ಹೋಯಿತು. ಅವನು ಕನ್ನಡಕ ಸರಿಮಾಡಿಕೊಂಡು ಪೇಪರಿನತ್ತ ಬಗ್ಗಿದ. ಪುಟ ಮಾತ್ರ ತಿರುಗಿಸಲಿಲ್ಲ.

ಶ್ರೀಶ ಎದ್ದ. ಅವನಿಗೆ ಇನ್ನೂ ಮೂವತ್ತೈದು. ದುಗ್ಗಪ್ಪನಿಂದಲೇ ಡೈರಿಯ ಮೋಟಾರು ಎಷ್ಟೋ ಸಲ ರಿಪೇರಿ ಮಾಡಿಸಿಕೊಂಡವನು. ಪೇಪರನ್ನು ಮಡಚಿ, ಮತ್ತೆ ಮಡಚಿ ಮೇಜಿನ ಮೇಲಿಟ್ಟ.

"ಕ್ವಾರ್ಟರ್ ಮಾತು ನಾನೇ ಶುರು ಮಾಡಿದ್ದು," ಎಂದ, ಯಾರನ್ನೂ ನೋಡದೆ. "ಅವನ ಮನೆಗೆ ಹೋಗ್ಬೇಕು ನಾನು." ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟಿಕೊಂಡ. ದಿನಾ ಹೊರಡುವಾಗ "ಬರ್ತೀನಿ ಅಕ್ಕ" ಎನ್ನುವವನು ಇವತ್ತು ಏನೂ ಹೇಳದೆ ಮೆಟ್ಟಿಲಿಳಿದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು.

ಬ್ರಾಹ್ಮಿ ಖಾಲಿ ಬೆಂಚುಗಳನ್ನು ಹಿಡಿದುಕೊಳ್ಳುತ್ತ ತನ್ನ ಕುರ್ಚಿಗೆ ಹೋಗಿ ಕೂತಳು. ಮನೆಗೆ ಹೊರಟುಬಿಡಬೇಕು ಅನ್ನಿಸಿತು. ಬಾಗಿಲು ಹಾಕುವ ಹೊತ್ತಿಗೆ ಇನ್ನೂ ಎರಡು ಗಂಟೆ ಇತ್ತು. ಹೊರಗೆ ರಸ್ತೆಯಲ್ಲಿ ನಿಂತವರು ಏನೋ ಮಾತಾಡುತ್ತಿದ್ದರು. ತನ್ನ ಹೆಸರು ಎರಡು ಸಲ ಕೇಳಿಸಿತು. ಅವಳು ಕಿಟಕಿ ಮುಚ್ಚಲಿಲ್ಲ.